ಮುಳಗುಂದ ದಾಟಿದ ಮೇಲೆ ನಿಲ್ಲುವ ಕಾರು

ಅಪ್ಪನ ಹಳೆಯ ಕಾರು ನಮ್ಮ ಬೆಟಗೇರಿಯ ಓಣಿಯಲ್ಲಿ ಎಂದೂ ಕೆಟ್ಟು ನಿಂತದ್ದಿಲ್ಲ. ಗದಗಿನ ಪೇಟೆಗೆ ಹೋಗಿಬಾ ಅಂದರೆ ಹೋಗಿಬರುತ್ತಿತ್ತು. ಮಕ್ಕಳಿಗೆ ಹುಲಿ ತೋರಿಸಲು ಬಿಂಕದಕಟ್ಟಿಗೆ ಒಯ್ದರೂ ತಕರಾರು ಮಾಡುತ್ತಿರಲಿಲ್ಲ. ಲಕ್ಷ್ಮೇಶ್ವರದ ದಾರಿ ಹಿಡಿದರೆ ಮಾತ್ರ, ಮುಳಗುಂದ ದಾಟಿ ಸ್ವಲ್ಪ ದೂರಕ್ಕೆ ಮುಗ್ಗರಿಸಿ, ಕೆಮ್ಮಿ, ನಿಂತುಬಿಡುತ್ತಿತ್ತು. ಒಂದಷ್ಟು ಹೊತ್ತು ಸುಮ್ಮನೆ ಬಿಟ್ಟು ಕೀಲಿ ತಿರುಗಿಸಿದರೆ, ಏನೂ ಆಗೇ ಇಲ್ಲವೆಂಬಂತೆ ಚಾಲು. ಇಂಥ ಸೋಗು ಮನುಷ್ಯರು ಹಾಕಿದರೇ ನನಗೆ ಸಿಟ್ಟು ಬರುತ್ತದೆ, ಇನ್ನು ಕಾರು ಹಾಕಿದರೆ!

ಅಪ್ಪ ನೇಕಾರ. ಮಗ್ಗದ ಮೇಲೆ ಕೂತು ಕೂತು ಸೊಂಟ ಸೋತ ಮೇಲೆ ಈ ಕಾರು ಕೊಂಡು, ಓಣಿಯವರು ನೇಯ್ದ ಸೀರೆಗಳನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ರಜೆಯಿದ್ದಾಗ ನಾನೂ ಅವ್ವನೂ ಜೊತೆಗೆ. ಹಿಂದಿನ ಸೀಟಿನ ತುಂಬ ಸೀರೆಯ ಗಂಟು, ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ. ಆ ವಾಸನೆ ಈಗಲೂ ಮೂಗಿಗೆ ಬಡಿದರೆ ನಾನು ಒಂದು ಕ್ಷಣ ಸಣ್ಣವಳಾಗುತ್ತೇನೆ. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನೂ ಅಪ್ಪನೇ. ಅವನಿಗಿದ್ದದ್ದು ಒಂದೇ ವಿಚಿತ್ರ ಚಟ. ಮನೆಯಲ್ಲಿ ಚಹಾ ಮೂಸಿಯೂ ನೋಡದವನು ದಾರಿಯಲ್ಲಿ ಮಾತ್ರ ಚಹಾಕ್ಕೆ ನಿಲ್ಲಿಸಲೇಬೇಕು. ಲಕ್ಷ್ಮೇಶ್ವರದ ಕಡೆಯಾದರೆ ಮುಳಗುಂದ ದಾಟಿದ ಮೇಲೆ ಬೇವಿನ ಗಿಡದ ಹೋಟೆಲು, ಮುಂಡರಗಿ ಕಡೆ ಹೋದರೆ ಡಂಬಳದ ಹತ್ತಿರ.

ಅಪ್ಪ ಹೋದ ಮೇಲೆ ಕಾರು ನನ್ನ ಕೈಗೆ ಬಂತು, ಅದರೊಂದಿಗೆ ಅವನ ಕಾಲದಲ್ಲಿ ಇರದ ಈ ರೋಗವೂ. ಗದಗಿನ ಮಿಸ್ತ್ರಿ ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಪಂಪು ಹೊಸದು ಹಾಕಿದ. ಪ್ರತಿ ಸಲವೂ ಊರೊಳಗೇ ಒಂದು ಸುತ್ತು ಹಾಕಿ ಬಂದು, "ಏನೂ ಆಗಿಲ್ರೀ ಅಕ್ಕಾರ, ಕುದರಿ ಆಗೇತಿ" ಅನ್ನುತ್ತಿದ್ದ. ಕುದುರೆ ಮುಳಗುಂದದವರೆಗೆ ಮಾತ್ರ.

ಕೊನೆಗೆ ನನ್ನ ಗಂಡನಿಗೆ ರೋಸಿಹೋಯಿತು. "ಇನ್ನೊಂದ್ ಸಲ ನಡು ಹಾದ್ಯಾಗ ನಿಂತ್ರ ಮುಗೀತು. ಗುಜರಿಯವಗ ಹೇಳಿಟ್ಟೇನಿ" ಅಂದುಬಿಟ್ಟರು.

ಅವ್ವ ಊಟದ ತಾಟು ಸರಿಸಿದಳು. "ಅದು ಕೆಟ್ಟಿಲ್ಲಪಾ. ಅವರು ನಿಂದರತಿದ್ದ ಜಾಗಾ ಅದಕ್ಕ ಗೊತ್ತೈತಿ. ನೆನಪಾಗಿ ನಿಂದರತೈತಿ. ಅದನ್ನ ಗುಜರಿಗೆ ಹಾಕೂದಾದ್ರ ನನ್ನೂ ಹಾಕ್ರಿ."

ನಾನು ಅವ್ವನ ಮಾತಿಗೆ ನಕ್ಕೆ. ಆದರೆ ಕಾರು ಹೋದರೆ ಅವಳು ಏನಾದಾಳು ಎಂದು ಹೆದರಿಕೆಯೂ ಆಯಿತು.

ಮುಂದಿನ ವಾರ ಬಾಳೆಹೊಸೂರಿನಲ್ಲಿ ಅವ್ವನ ಅಕ್ಕನ ಮನೆಯಲ್ಲಿ ತೊಟ್ಟಿಲ ಕಾರ್ಯ. ನಾನೂ ಅವ್ವನೂ ಇಬ್ಬರೇ ಹೊರಟೆವು. ಮುಳಗುಂದ ದಾಟಿತು, ಬೇವಿನ ಗಿಡ ದಾಟಿತು, ನಾನು ಉಸಿರು ಬಿಡುವಷ್ಟರಲ್ಲಿ ಕಾರು ಕೆಮ್ಮಿ ನಿಂತಿತು. ಗಾಡಿಯನ್ನು ಬೈದೆ, ಮಿಸ್ತ್ರಿಯನ್ನು ಬೈದೆ, ಇಳಿದು ಬಾನೆಟ್ ಎತ್ತಿದೆ. ಬಿಸಿಯಾದರೆ ಹೀಗಾಗುತ್ತದೆಂದು ಯಾರೋ ಹೇಳಿದ್ದರಿಂದ, ಕಿಡಿ ಕೊಡುವ ಕಾಯ್ಲಿನ ಮೇಲೆ ಒದ್ದೆ ಬಟ್ಟೆ ಹಾಕಿದೆ, ಉಪಯೋಗವಾಗಲಿಲ್ಲ. ಆಮೇಲೆ ಪೆಟ್ರೋಲಿನ ಫಿಲ್ಟರ್ ನೋಡಿದರೆ ಒಣಗಿ ನಿಂತಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೆಂದು ಮುಳ್ಳು ತೋರಿಸುತ್ತಿದೆ, ಎಂಜಿನ್ನಿಗೆ ಮಾತ್ರ ಹನಿಯೂ ಬರುತ್ತಿಲ್ಲ.

ಎಲ್ಲಿ ತಡೆದಿದೆ ಎಂದು ಕಾರಿನ ಹಿಂದಕ್ಕೆ ನಡೆದಾಗ ಅಪ್ಪ ಕಣ್ಣಿಗೆ ಕಟ್ಟಿದ. ಹೋಟೆಲಿನ ಮುಂದೆ ಇಳಿದವನು ಮೊದಲು ಚಹಾ ಹೇಳುತ್ತಿರಲಿಲ್ಲ. ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿ ತೆಗೆದು, ಮತ್ತೆ ಹಾಕಿ, ಕೈ ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂಡುತ್ತಿದ್ದ. ಯಾಕೆಂದು ನಾನು ಕೇಳಿದ್ದಕ್ಕೆ, "ಅದಕ್ಕೂ ಉಸಿರು ಬೇಕಲ್ಲವಾ" ಅಂದಿದ್ದ. ತಮಾಷೆ ಎಂದುಕೊಂಡಿದ್ದೆ.

ನಾನೂ ಮುಚ್ಚಳ ತಿರುವಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಹೋಗಿ ಕೀಲಿ ತಿರುಗಿಸಿದರೆ, ಒಂದೆರಡು ಸಲ ಗೊಣಗಿ ಚಾಲು!

ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದೆ. ಗಾಳಿಯಾಡಲು ಅದರ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಹೋದಂತೆಲ್ಲ ಗಾಳಿ ಒಳಗೆ ಬರಬೇಕು, ಬರದಿದ್ದರೆ ಪಂಪು ಎಳೆದು ಎಳೆದು ಸೋಲುತ್ತದೆ. ಊರೊಳಗಿನ ಸಣ್ಣ ಸುತ್ತಿಗೆ ಇದು ಗೊತ್ತಾಗುವುದಿಲ್ಲ, ದೂರ ಓಡಿದ ಮೇಲಷ್ಟೇ ಕಾಡುತ್ತದೆ; ನಿಲ್ಲಿಸಿ ಬಿಟ್ಟರೆ ಸಂದಿಯಲ್ಲಿ ಗಾಳಿ ಮೆಲ್ಲಗೆ ನುಸುಳಿ ಮತ್ತೆ ಸರಿಹೋಗುತ್ತದೆ. ಇಲ್ಲಿ ತೂತಿನ ಜಾಗದಲ್ಲಿ ಕುಂಕುಮ ಮೆತ್ತಿತ್ತು, ಪದರದ ಮೇಲೆ ಪದರ, ಒಣಗಿ ಕಲ್ಲಾಗಿ. ಪ್ರತಿ ದಸರೆಯ ಖಂಡೇಪೂಜೆಗೆ ಅವ್ವ ಮಗ್ಗದ ಕೈಕಾಲಿಗೆಲ್ಲ, ಲಾಳಿಯ ಬಾಯಿಗೂ ಕುಂಕುಮ ಹಚ್ಚುವವಳು. ಕಾರು ಬಂದ ಮೇಲೆ ಉಣ್ಣುವ ಬಾಯಿ ಇದೇ ಎಂದು ಇಲ್ಲಿಗೂ ಹಚ್ಚಿದ್ದಾಳೆ, ಗಾಳಿಗೆ ಹಾರದಿರಲೆಂದು ಎಣ್ಣೆಯಲ್ಲಿ ಕಲಸಿ.

ಅವ್ವ ಕಾರಿನಿಂದಿಳಿದು ಬಂದಳು. ಹೇಳಲೋ ಬೇಡವೋ ಎಂದು ತಡವರಿಸಿದೆ, ಆದರೂ ಹೇಳಿದೆ. ಅವಳು ಮುಚ್ಚಳ ಕೈಗೆ ತೆಗೆದುಕೊಂಡು ಕುಂಕುಮದ ಮೇಲೆ ಬೆರಳಾಡಿಸಿದಳು.

"ಒಂದ್ ಸಲ ಒರಸಾಕ ಬಂದಿದ್ರವಾ ಅವರು" ಅಂದಳು. "ಕುಂಕುಮ ಅಳಸಾಕ ಹೆಂಗ ಮನಸ್ ಬಂತು ಅಂತ ಜಗಳಾ ತಗದೆ. ಇಡೀ ದಿನಾ ಮಾತಾಡಲಿಲ್ಲ. ಮುಂದ ಅವರು ಅದನ್ನ ಒರಸಲೇ ಇಲ್ಲ. ಚಾ ಕುಡಿಯೂದು ಆವಾಗಿಂದನ ಸುರು ಆತು ನೋಡು."

ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಅವ್ವ ಸೆರಗಿಗೆ ಚುಚ್ಚಿದ್ದ ಪಿನ್ನು ತೆಗೆದು, ತಾನೇ ಆ ಕುಂಕುಮವನ್ನು ಕೆರೆದಳು. ಉದುರಿದ್ದನ್ನು ನೆಲಕ್ಕೆ ಬೀಳಗೊಡದೆ ಸೆರಗಿನ ತುದಿಗೆ ಕಟ್ಟಿಕೊಂಡಳು.

ಬಾಳೆಹೊಸೂರಿನವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಸಂಜೆ ಹೊಳ್ಳಿ ಬರುವಾಗಲೂ ಅದೇ ಹುರುಪು. ಬೇವಿನ ಗಿಡ ಕಂಡೊಡನೆ ಅವ್ವ, "ನಿಂದರಸು" ಅಂದಳು.

"ಛಲೋ ಓಡಾಕತ್ತೈತೆಲ್ಲಬೇ, ಯಾಕ?"

"ಓಡಲಿ. ಚಾ ಕುಡಿಯೂಣು."

ಅಪ್ಪನ ಹಾಗೆ ಅವ್ವನೂ ಮನೆಯಲ್ಲಿ ಎಂದೂ ಚಹಾ ಮುಟ್ಟಿದವಳಲ್ಲ. ಬೆಂಚಿನ ಮೇಲೆ ಕೂತು, ಮುಖ ಕಿವುಚಿಕೊಳ್ಳುತ್ತಲೇ ಲೋಟ ಖಾಲಿ ಮಾಡಿದಳು.