ಒಣಗಿಸಿ ನೆಟ್ಟ ದೇವಕಣಗಿಲೆ

ಮೊನ್ನೆ ಕಣ್ಣು ತೋರಿಸಲು ಹೋದಾಗ ಆಸ್ಪತ್ರೆಯ ಅಂಗಳದಲ್ಲಿ ಬಿದ್ದಿದ್ದ ದೇವಕಣಗಿಲೆ ಹೂವೊಂದನ್ನು ಎತ್ತಿಕೊಂಡೆ. ಮೂಗಿಗೆ ಹಿಡಿದದ್ದೇ ತಡ, ಚಿಂತಾಮಣಿಯ ಆ ಗಲ್ಲಿ, ಪಕ್ಕದ ಮನೆಯ ಖಾಲಾ... ಒಳಗೆ ನನ್ನ ಹೆಸರು ಕೂಗಿದ್ದೂ ಕೇಳಿಸಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮಂಡ್ಯದ ನಾಲೆ ಬಯಲಿನಿಂದ ಆ ಊರಿಗೆ ಬಂದವಳು ನಾನು. ಖಾಲಾ ಎಂದರೆ ಅವರ ಮಾತಿನಲ್ಲಿ ತಾಯಿಯ ಒಡಹುಟ್ಟಿದವಳು. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಯಜಮಾನರದು ರೇಷ್ಮೆಗೂಡಿನ ವ್ಯಾಪಾರ. ವಾರದಲ್ಲಿ ನಾಲ್ಕು ದಿನ ಶಿಡ್ಲಘಟ್ಟದಲ್ಲೇ ಇರುತ್ತಿದ್ದರು.

ನಾನು ಬರುವ ಹಿಂದಿನ ವರ್ಷ ಖಾಲಾ ಮೂರು ವರ್ಷದ ಮಗಳನ್ನು ಕಳೆದುಕೊಂಡಿದ್ದರು. ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿ ಅವರಲ್ಲಿರಲಿಲ್ಲ. ಮಗು ಬಿಸಿಲಲ್ಲಿ ಮಲಗಿದೆ, ಅಲ್ಲೊಂದು ನೆರಳಾಗಬೇಕು ಎಂಬುದೊಂದೇ ಅವರ ಚಿಂತೆ. ಅಲ್ಲಿ ಬಾವಿಯಿಲ್ಲ, ನೀರು ಹೊರುವವರೂ ಇಲ್ಲ. ನೀರು ಕೇಳದ ಮರವೆಂದರೆ ಈ ದೇವಕಣಗಿಲೆಯೇ. ಗೌರಿಬಿದನೂರಿನ ತವರಿನಲ್ಲಿ ಗೋಡೆ ಕಟ್ಟಲು ಹಳೆಯ ಮರ ಕಡಿದಾಗ ಒಂದು ಕೊಂಬೆ ಉಳಿಸಿಕೊಂಡು ಬಂದರು. ಕಡಿದ ಬಾಯಿ ಒಣಗಲೆಂದು ಹದಿನೈದು ದಿನ ಅಟ್ಟದ ಮೇಲಿಟ್ಟು, ಆಮೇಲೆ ಮರಳು ಬೆರೆಸಿದ ಮಣ್ಣು ತುಂಬಿದ ಡಬ್ಬದಲ್ಲಿ ನೆಟ್ಟರು.

ಅಷ್ಟರಲ್ಲಿ ತಂಗಿಯ ಬಾಣಂತನಕ್ಕೆ ತವರಿಗೆ ಹೋಗಬೇಕಾಗಿ ಬಂತು. ಡಬ್ಬ ನನಗೆ ಒಪ್ಪಿಸಿದರು. ಎಲೆ ಬರುವವರೆಗೆ ನೀರು ಬೇಡ ಎಂದು ಎರಡು ಸಲ ಹೇಳಿದರು.

ನಾನೋ, ನಾಲೆ ನೀರಿನ ಹುಡುಗಿ. ಬೋಳು ಕಡ್ಡಿಯನ್ನು ನೋಡಿದಾಗಲೆಲ್ಲ ಕರುಳು ಚುರುಕ್ ಎನ್ನುತ್ತಿತ್ತು. ನೀರು ಕೊಡದೆ ಸಾಕುವುದುಂಟೇ? ಅಕ್ಕಿ ತೊಳೆದ ನೀರನ್ನು ದಿನಕ್ಕೊಂದು ಚೊಂಬು, ಬಿಸಿಲು ಹೆಚ್ಚಿದ್ದರೆ ಎರಡು... ತಿಂಗಳಾಗುವಷ್ಟರಲ್ಲಿ ಕೊಂಬೆ ವಾಲಿತು. ಬುಡ ಮುಟ್ಟಿದರೆ ಕಳಿತ ಬಾಳೆಹಣ್ಣು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮತ್ತೆ ಆಡಿಕೊಂಡರು. ಮೇಕೆ ತಿಂದಿತು ಎಂದುಬಿಡೋಣ ಎಂದೂ ಯೋಚಿಸಿದೆ. ಆ ಹಾಲಿನ ಗಿಡಕ್ಕೆ ಮೇಕೆ ಬಾಯಿ ಹಾಕುವುದಿಲ್ಲ ಎಂಬುದೂ ನನಗೆ ಗೊತ್ತಿರಲಿಲ್ಲ.

ಖಾಲಾ ಬಂದವರು ಜಟಕಾ ಇಳಿದು ನೇರ ನಮ್ಮ ಹಿತ್ತಲಿಗೆ ನಡೆದರು. ಕೊಂಬೆ ಮುಟ್ಟಿ ನೋಡಿ ನೆಲದ ಮೇಲೇ ಕುಳಿತುಬಿಟ್ಟರು.

"ನೀರು ಹಾಕಿದ್ಯಾ?"

"ದಿನಾ ಹಾಕ್ದೆ ಖಾಲಾ," ಎಂದೆ. ಅಳು ಬಂತು.

ಅವರು ಬೈಯಲಿಲ್ಲ. ಚಾಕು ತರಿಸಿಕೊಂಡು ಬುಡದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಬಂದರು. ಕಪ್ಪು, ಮತ್ತೆ ಕಪ್ಪು, ಆಮೇಲೆ ಕಂದು. ತುದಿ ಒಂದು ಗೇಣು ಉಳಿದಾಗ ಬಿಳಿ ಹಾಲು ಜಿನುಗಿತು. ಖಾಲಾ ಕಣ್ಣೊರೆಸಿಕೊಂಡು ಆ ತುಂಡನ್ನು ನನ್ನ ಕೈಗೇ ಕೊಟ್ಟರು.

"ಜೀವ ಐತೆ ಕಣಮ್ಮ. ಈ ಸಲ ನೀನೇ ಒಣಗ್ಸು."

ಇನ್ನೊಬ್ಬರಾಗಿದ್ದರೆ ನನ್ನನ್ನು ಹತ್ತಿರವೂ ಸೇರಿಸುತ್ತಿರಲಿಲ್ಲ. ಆ ಬೇಸಿಗೆಯಿಡೀ ಚೊಂಬು ಹಿಡಿದು ಹೋಗುವುದು, ಡಬ್ಬ ನೋಡುವುದು, ತುಂಬಿದ ಚೊಂಬಿನೊಂದಿಗೇ ಒಳಗೆ ಬರುವುದು. ಅಷ್ಟು ಕಷ್ಟದ ವ್ರತವನ್ನು ನಾನು ಬೇರೆ ಮಾಡಿಲ್ಲ. ಮುಂಗಾರಿಗೆ ಮೊದಲು ಎರಡು ಎಲೆ ಬಂದವು. ಮರುವರ್ಷ ಮಳೆ ಹಿಡಿದ ಮೇಲೆ ಖಾಲಾ ಅವರ ಯಜಮಾನರು ಅದನ್ನು ಒಯ್ದು ಮಗಳ ತಲೆದೆಸೆಯಲ್ಲಿ ನೆಟ್ಟರು.

ಮೂರನೆಯ ವರ್ಷ ಅವರು ಕರ್ಚೀಫಿನಲ್ಲಿ ಒಂದು ಹೂವು ತಂದರು. ಖಾಲಾ ಅದನ್ನು ಓಡಿ ಬಂದು ನನಗೆ ತೋರಿಸಿದರು. ಮರವನ್ನು ಮಾತ್ರ ಅವರು ನೋಡಲೇ ಇಲ್ಲ. ಆಮೇಲೆ ನಮಗೆ ವರ್ಗವಾಯಿತು...

ಹೋದ ಬೇಸಿಗೆಯಲ್ಲಿ ಚಿಂತಾಮಣಿಗೆ ಹೋದಾಗ ಖಬರಸ್ತಾನದ ಗೇಟಿನ ಬಳಿ ನಿಂತೆ. ಎಲೆಯಿಲ್ಲದ ಮರದ ತುಂಬ ಹೂವು. ಕಾವಲಿನ ಮುದುಕರನ್ನು ವಿಚಾರಿಸಿದೆ. ಮಗುವಿನ ಪಕ್ಕದಲ್ಲೇ ತಾಯಿಯನ್ನೂ ಮಲಗಿಸಿದೆ ಎಂದರು. ಇಷ್ಟು ವರ್ಷ ಒಂದು ಕಾಗದ ಬರೆಯಲಿಲ್ಲವಲ್ಲ ಎಂದು ಅಲ್ಲೇ ಅತ್ತೆ.

ಮುದುಕರು ಮರದ ಬಳಿಗೆ ಕರೆದೊಯ್ದರು. ಬುಡದ ಮಣ್ಣು ಬಿರುಕು ಬಿಟ್ಟಿತ್ತು. ನನ್ನ ಕೈಯಲ್ಲಿ ತುಂಬಿದ ನೀರಿನ ಬಾಟಲಿಯಿತ್ತು. ಮುಚ್ಚಳ ತೆಗೆಯದೆ ಹಾಗೇ ಬಂದೆ.