ಬೊಟ್ಟಿಟ್ಟ ಡಿಸ್ಕು

ಒಂದು ರೇಡ್ ಕಾರ್ಡ್ ಆರಿಸಲು ನನಗೆ ಮೂರು ತಿಂಗಳು ಹಿಡಿಯಿತು. ಗಂಡನನ್ನು ಆರಿಸಲು ಎರಡೇ ವಾರ ಸಾಕಾಗಿತ್ತು. ಆಗಲೂ ಇಷ್ಟೇ ಓದಿಕೊಂಡಿದ್ದರೆ ಚೆನ್ನಾಗಿತ್ತು ಎಂದು ನಾನು ಹೇಳಿದರೆ, ತನಗೂ ಹಾಗೇ ಅನ್ನಿಸುತ್ತದೆ ಎನ್ನುತ್ತಾನೆ ಅವನು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ರೇಡ್ ಕಾರ್ಡ್ ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಅಂಗೈ ಅಗಲದ ಹಸಿರು ಹಲಗೆ. ಒಂದು ಡಿಸ್ಕಿನಲ್ಲಿ ಏನಿದೆಯೋ ಅದನ್ನೇ ಪಕ್ಕದ ಡಿಸ್ಕಿನಲ್ಲೂ ಬರೆದಿಡುತ್ತದೆ. ಒಂದು ಸತ್ತರೆ ಇನ್ನೊಂದಿರುತ್ತದೆ. ಇಷ್ಟೇ ಅದರ ಮಹಿಮೆ.

ನನಗೆ ಅದು ಬೇಕಾಗಿದ್ದು ಡೆಲ್ ಮಾರ್ ಎಂಬ ಊರಿನ ಅಂಕಲ್‌ಗಾಗಿ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ನಾರ್ತ್‌ರಿಜ್‌ನಲ್ಲಿ ನಾಲ್ಕು ಹುಡುಗಿಯರ ಜೊತೆ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದು ಓದುತ್ತಿದ್ದ ಕಾಲಕ್ಕೆ, ಹಬ್ಬ ಬಂತೆಂದರೆ ನಮ್ಮನ್ನೆಲ್ಲ ಕರೆಸಿಕೊಂಡು ಹೊಟ್ಟೆ ಬಿರಿಯುವಂತೆ ಬಡಿಸುತ್ತಿದ್ದವರು ಉಡುಪಿ ಕಡೆಯ ಈ ಅಂಕಲ್ ಮತ್ತು ಆಂಟಿ. ಅಂಕಲ್‌ಗೆ ಇದ್ದದ್ದು ಒಂದೇ ಚಟ, ವಿಡಿಯೋ ಕ್ಯಾಮೆರಾ. ಪಾರ್ಕಿಂಗ್ ಲಾಟ್, ಊಟದ ಸಾಲು, ಯಾರದೋ ಮಗುವಿನ ಸೋರುವ ಮೂಗು, ಒಂದನ್ನೂ ಬಿಡುತ್ತಿರಲಿಲ್ಲ. ಅವರು ಮಾತ್ರ ಯಾವತ್ತೂ ಚಿತ್ರದೊಳಗೆ ಬರಲಿಲ್ಲ. ಬಂದದ್ದೆಲ್ಲ ಅವರ ಮಾತು, ಕ್ಯಾಮೆರಾದ ಹಿಂದಿನಿಂದ, ಕ್ರಿಕೆಟ್ ಕಾಮೆಂಟರಿಯ ಹಾಗೆ ಎಡೆಬಿಡದೆ. ಆ ವಿಡಿಯೋಗಳನ್ನು ಪೂರ್ತಿ ನೋಡಿದವರನ್ನು ನಾನು ಕಂಡಿಲ್ಲ. ನಾವು ಹಿಂದಿನಿಂದ ನಗುತ್ತಿದ್ದೆವು.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಸ್ವರ ಹೋಯಿತು. ಕುತ್ತಿಗೆಯಲ್ಲೊಂದು ಪುಟ್ಟ ವೈಟ್‌ಬೋರ್ಡ್ ನೇತುಹಾಕಿಕೊಂಡು ಮಾರ್ಕರಿನಲ್ಲಿ ಮಾತಾಡತೊಡಗಿದರು. ವಾಚಾಳಿತನವೇನೂ ಕಡಿಮೆಯಾಗಲಿಲ್ಲ, ವಾರಕ್ಕೊಂದು ಮಾರ್ಕರ್ ಖಾಲಿಯಾಗುತ್ತಿತ್ತು. ಹಳೆಯ ಟೇಪುಗಳನ್ನೆಲ್ಲ ಅವರು ಎಂದೋ ಒಂದು ಡಿಸ್ಕಿಗೆ ಇಳಿಸಿದ್ದರು. ಆಮೇಲೆ ಗ್ಯಾರೇಜು ಗುಡಿಸುವಾಗ ಟೇಪುಗಳು ಕಸಕ್ಕೆ ಹೋದವು. ಅವರ ಸ್ವರ ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಡಿಸ್ಕಿನಲ್ಲಿ.

"ಆ ಡಿಸ್ಕಿಗೂ ವಯಸ್ಸಾಯ್ತು ಮಾರಾಯ್ತಿ," ಎಂದು ಆಂಟಿ ಫೋನ್ ಮಾಡಿದರು. "ಅದು ಹೋದ್ರೆ ಇವರ ಸ್ವರ ಮತ್ತೆ ಎಲ್ಲಿ ಉಂಟು? ನೀನು ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೋದಲ್ಲಿ ಅಲ್ವಾ, ನಿಂಗೆ ಇದೆಲ್ಲ ಗೊತ್ತುಂಟಲ್ಲ?"

ಸ್ಟುಡಿಯೋದಲ್ಲಿ ನನ್ನ ಕೆಲಸ ಸಬ್‌ಟೈಟಲ್ ತಿದ್ದುವುದು. ಡಿಸ್ಕಿನ ಬಗ್ಗೆ ನನಗಿದ್ದ ಜ್ಞಾನ ಅಲ್ಲಿನ ಕಾಫಿ ಮಷೀನಿಗೂ ಇದ್ದೀತು. ಆದರೆ ಅವರ ಮನೆಯ ದೋಸೆ ತಿಂದ ಬಾಯಿ, ಇಲ್ಲ ಎನ್ನಲಾಗಲಿಲ್ಲ. "ನಾನು ನೋಡ್ಕೋತೀನಿ ಬಿಡಿ ಆಂಟಿ" ಎಂದೆ.

ಬುದ್ಧಿಯಿದ್ದವರು ಅವತ್ತೇ ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಬುದ್ಧಿಯ ಬದಲು ಲಿನಕ್ಸ್ ಇತ್ತು. ಪುಕ್ಕಟೆಯಾಗಿ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಆ ಆಪರೇಟಿಂಗ್ ಸಿಸ್ಟಮ್ಮಿನ ಮೇಲೆ ನನ್ನದು ಹೊಸ ಭಕ್ತಿ. ಅದಕ್ಕೆ ಒಗ್ಗುವ, ನನ್ನ ಕೈಗೆಟುಕುವ ಒಂದು ರೇಡ್ ಕಾರ್ಡ್ ಹುಡುಕುವ ವ್ರತ ಹಿಡಿದೆ. ಒಳ್ಳೆಯ ಕಾರ್ಡುಗಳ ಬೆಲೆ ಕೇಳಿದರೆ ಬಾಯಿ ಒಣಗುತ್ತಿತ್ತು. ಅಗ್ಗದವು ಬರೀ ಮೋಸ. ಡಬ್ಬಿಯ ಮೇಲೆ ರೇಡ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಕೆಲಸವೆಲ್ಲ ಕಂಪ್ಯೂಟರೇ ಮಾಡಬೇಕು. ಅಡುಗೆಯವನೆಂದು ಬಂದವನು ಸೌಟು ನಮ್ಮ ಕೈಗೇ ಕೊಟ್ಟು, ಬಡಿಸುವುದು ಮಾತ್ರ ನನ್ನ ಕೆಲಸ ಎಂದ ಹಾಗೆ.

ಇಂಟರ್‌ನೆಟ್ಟಿನ ಒಂದು ಫೋರಮ್ಮಿನಲ್ಲಿ ನಾನು ಪ್ರಶ್ನೆ ಹಾಕಿದ ಮೊದಲ ದಿನವೇ ಪುಣ್ಯಾತ್ಮನೊಬ್ಬ ಉತ್ತರ ಬರೆದಿದ್ದ: ಎರಡು ಡಿಸ್ಕಿಗೆ ಕಾರ್ಡೇ ಬೇಡ, ಲಿನಕ್ಸೇ ಆ ಕೆಲಸ ಮಾಡುತ್ತದೆ, ಮೊದಲು ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ನನಗೆ ಮೈ ಉರಿಯಿತು. ಕಾರು ಕೊಳ್ಳಲು ಹೊರಟವಳಿಗೆ ನಡೆದು ಹೋಗಿ ಎಂದರೆ ಹೇಗಿರುತ್ತದೆ? ಅವನಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಕೊನೆಗೆ ನಾರ್ತ್‌ರಿಜ್ ಕಡೆಯ ಒಬ್ಬನ ಗ್ಯಾರೇಜಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡೊಂದು ಸಿಕ್ಕಿತು. ಯಾವುದೋ ದೊಡ್ಡ ಸರ್ವರಿನಿಂದ ಕಿತ್ತದ್ದು. ಇದು ಫ್ಯಾನುಗಳ ಗಾಳಿಯಲ್ಲಿ ಬೆಳೆದ ಕಾರ್ಡು, ಗಾಳಿ ಇಲ್ಲದಿದ್ದರೆ ಕಾದು ನಿಂತುಹೋಗುತ್ತದೆ ಎಂದು ಆತ ಎರಡೆರಡು ಸಲ ಹೇಳಿದ. ಹಲ್ಲಿನ ಡಾಕ್ಟರು ಬುದ್ಧಿ ಹೇಳುವಾಗ ತಲೆಯಾಡಿಸುವಂತೆ ತಲೆಯಾಡಿಸಿ ಬಂದೆ.

ಶನಿವಾರ ಬೆಳಿಗ್ಗೆ ಕಾರ್ಡ್ ಕೂರಿಸಿದ ನನ್ನ ಕಂಪ್ಯೂಟರ್ ಹೊತ್ತುಕೊಂಡು ಡೆಲ್ ಮಾರ್‌ಗೆ ಡ್ರೈವ್ ಮಾಡಿದೆ. ಅಂಕಲ್ ಟೇಪು ಇಳಿಸಿದ ಕಾಲದಲ್ಲೇ ಎರಡು ಡಿಸ್ಕ್ ತಂದು, ಒಂದನ್ನು ತುಂಬಿಸಿ, ಇನ್ನೊಂದನ್ನು ಪೆಟ್ಟಿಗೆಯಿಂದ ತೆಗೆಯದೆ ಇಟ್ಟಿದ್ದರು. ಅವಳಿ ಜವಳಿ, ಗುರುತೇ ಸಿಗದು. ನಾನೇನು ದಡ್ಡಿಯೇ? ಬಾತ್‌ರೂಮಿನ ಕನ್ನಡಿಗೆ ಆಂಟಿ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟುಗಳಲ್ಲಿ ಒಂದನ್ನು ಕಿತ್ತು ತಂದು ತುಂಬಿದ ಡಿಸ್ಕಿಗೆ ಹಚ್ಚಿದೆ. "ಬೊಟ್ಟಿರೋದು ನಿಮ್ಮ ಸ್ವರ ಅಂಕಲ್, ಬೊಟ್ಟಿಲ್ಲದ್ದು ಖಾಲಿ" ಎಂದು ವಿವರಿಸಿಯೂ ಹೇಳಿದೆ. ಅವರು ಹೆಬ್ಬೆರಳೆತ್ತಿದರು.

ನೀರುದೋಸೆ ತಿಂದು ಕೈ ತೊಳೆದು ಬಂದೆ. ಎದುರಿಗಿದ್ದ ಡಿಸ್ಕಿಗೆ ಬೊಟ್ಟಿತ್ತು, ಅದನ್ನು ಕಂಪ್ಯೂಟರಿನ ಮೇಲಿನ ಗೂಡಿಗೆ ತಳ್ಳಿದೆ. ಇನ್ನೊಂದರ ಮುಖವನ್ನೂ ನೋಡದೆ ಕೆಳಗಿನದಕ್ಕೆ ತಳ್ಳಿದೆ. ಯಾವುದರಿಂದ ಯಾವುದಕ್ಕೆ ಎಂದು ಕಾರ್ಡ್ ಕೇಳಿತು. ಮೇಲಿನಿಂದ ಕೆಳಕ್ಕೆ ಎಂದೆ. ಶೇಕಡಾ ಒಂದು, ಶೇಕಡಾ ಎರಡು. ಅಂಕಲ್ ಹಿಂದಿನಿಂದ ಭುಜ ತಟ್ಟಿದರು. "ಇರಿ ಅಂಕಲ್" ಎಂದೆ. ಮೇಜು ಕುಟ್ಟಿದರು. "ಒಂದ್ನಿಮಿಷ ಇರಿ ಅಂಕಲ್, ಈಗ ಮುಟ್ಟಬಾರದು!" ಎಂದು ಗದರಿಸಿಯೇಬಿಟ್ಟೆ. ಶೇಕಡಾ ಏಳಕ್ಕೆ ಕಾರ್ಡ್ ಕೀ ಎಂದು ಕಿರುಚಿ ಸ್ತಬ್ಧವಾಯಿತು. ಮುಟ್ಟಿದರೆ ಕಾವಲಿಯಷ್ಟು ಬಿಸಿ.

ತಿರುಗಿ ನೋಡಿದೆ. ಅಂಕಲ್ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು: "ಎರಡಕ್ಕೂ ಬೊಟ್ಟು ಉಂಟಲ್ಲ?"

ಅಡುಗೆಮನೆಯಿಂದ ಆಂಟಿ ಬಂದರು. "ಹೌದು, ನಾನೇ ಇಟ್ಟದ್ದು. ಹೊಸ ಕೆಲಸ ಅಂತ ದೇವರ ಎದುರು ಇಟ್ಟು ತಂದೆ. ಒಂದಕ್ಕೆ ನೀನೇ ಬೊಟ್ಟು ಹಚ್ಚಿದ್ದಿ, ಇನ್ನೊಂದು ಬೋಳು ಹಣೆಯಲ್ಲಿ ಇತ್ತು. ಇವರು ಕಾಯಿಲೆಯಿಂದ ಎದ್ದ ಮನೆ ಮಾರಾಯ್ತಿ, ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ."

ಆಂಟಿ ಇಟ್ಟ ಬೊಟ್ಟಿದ್ದದ್ದು ಮೇಲಿನ ಗೂಡಿನ ಡಿಸ್ಕಿಗೆ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆಸುತ್ತಿದ್ದೆ ನಾನು. ಹೇಳಿದಾಗ ಆಂಟಿ ಹಾಗೇ ಕುರ್ಚಿಯ ಮೇಲೆ ಕುಸಿದರು. ನನಗೆ ಸಾಯುವಷ್ಟು ನಾಚಿಕೆಯಾಯಿತು. ಸ್ವರವಿದ್ದಿದ್ದರೆ ಅಂಕಲ್ ಬೊಬ್ಬೆ ಹೊಡೆದು ನಿಲ್ಲಿಸುತ್ತಿದ್ದರು. ಇಲ್ಲದವರನ್ನು ನಾನು ಗದರಿಸಿ ಕೂರಿಸಿದ್ದೆ. ಅಳು ಬಂತು, ಅತ್ತೆ. ಅಂಕಲ್ ಬೋರ್ಡ್ ಒರೆಸಿ ಬರೆದರು: "ಪರವಾಗಿಲ್ಲ. ನಾನು ಮಾತಾಡಿದ್ದನ್ನು ಆಗಲೂ ಯಾರೂ ಕೇಳುತ್ತಿರಲಿಲ್ಲ."

ಮಾನ ಬಿಟ್ಟು ಅದೇ ಫೋರಮ್ಮಿನ ಪುಣ್ಯಾತ್ಮನಿಗೆ ಬರೆದೆ. ಆತ ಹಂಗಿಸಲಿಲ್ಲ. ಎಷ್ಟರವರೆಗೆ ಅಳಿಸಿತು ಎಂದು ಕೇಳಿದ, ಕಾರ್ಡ್ ಕಿತ್ತುಹಾಕಿ ಎಂದ, ಕಳೆದ ಫೈಲುಗಳನ್ನು ಹೆಕ್ಕುವ ಲಿನಕ್ಸಿನ ಒಂದು ಪುಕ್ಕಟೆ ಸಲಕರಣೆ ತೋರಿಸಿದ. ಅಗ್ಗಕ್ಕೆ ಕೊಂಡ ಹಳೆಯ ಕಾರ್ಡ್ ಗಾಳಿಯಿಲ್ಲದೆ ಮೂರ್ಛೆ ಹೋಗಿದ್ದರಿಂದ ಮಿಕ್ಕದ್ದು ಉಳಿದಿತ್ತು. ದುಡ್ಡು ಸುರಿದು ಒಳ್ಳೆಯದನ್ನು ತಂದಿದ್ದರೆ ಅದು ನಿಯತ್ತಾಗಿ ಕೊನೆಯವರೆಗೂ ಅಳಿಸುತ್ತಿತ್ತು. ನನ್ನ ಜಿಪುಣತನದ ಬಗ್ಗೆ ಅಂದಿನಿಂದ ನನ್ನ ಗಂಡ ಮಾತೆತ್ತುವಂತಿಲ್ಲ. ಸಿಕ್ಕ ಫೈಲುಗಳಿಗೆ ಹೆಸರಿರಲಿಲ್ಲ, ತಾರೀಖಿರಲಿಲ್ಲ. ಕಾರ್ಡಿಲ್ಲದೆಯೇ ಎರಡು ಹೊಸ ಡಿಸ್ಕಿಗೆ ಹಾಕಿದೆ, ಮೂರನೆಯ ಕಾಪಿ ನನ್ನ ಮನೆಯಲ್ಲಿದೆ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಮೂವರೂ ಟಿವಿ ಮುಂದೆ ಕೂತೆವು. ಕೈಗೆ ಬಂದ ಮೊದಲ ಫೈಲನ್ನೇ ಒತ್ತಿದೆ. ಕಡ್ಡಿಯಂಥ ಹುಡುಗಿಯೊಬ್ಬಳು ತಟ್ಟೆ ಹಿಡಿದು ನಿಂತಿದ್ದಳು, ನಾರ್ತ್‌ರಿಜ್ ಕಾಲದ ನಾನು. ಹಿಂದಿನಿಂದ ಮನೆ ತುಂಬುವಂಥ ಸ್ವರ ಬಂತು. "ಇವಳಿಗೆ ನಾಚಿಕೆ. ಒಂದೇ ದೋಸೆ ಸಾಕಂತೆ. ಇನ್ನೂ ಮೂರು ತಿಂತಾಳೆ, ನೋಡ್ತಾ ಇರಿ. ಹಾಂ, ಕೈ ಹೋಯ್ತು, ಕೈ ಹೋಯ್ತು..." ಸೋಫಾದ ಮೇಲೆ ಅಂಕಲ್‌ರ ತುಟಿ ಅದರ ಜೊತೆಗೇ ಆಡುತ್ತಿತ್ತು. ಅಷ್ಟರಲ್ಲಿ ಟಿವಿಯೊಳಗಿನ ಅಡುಗೆಮನೆಯಿಂದ ಆಂಟಿ ಕೂಗಿದರು: "ಒಮ್ಮೆ ಬಾಯಿ ಮುಚ್ಚಿ ಮಾರಾಯ್ರೆ!"

ನಾನು ಅವಸರದಲ್ಲಿ ನಿಲ್ಲಿಸಿದೆ. ಅಂಕಲ್ ಮಾರ್ಕರಿನ ಮುಚ್ಚಳ ತೆಗೆದು, ನಿಧಾನವಾಗಿ ಬರೆದು, ಬೋರ್ಡನ್ನು ಹೆಂಡತಿಯ ಕಡೆಗೆ ತಿರುಗಿಸಿದರು: "ಆಯ್ತು. ಮುಚ್ಚಿದೆ."

ಆಂಟಿ ಅವರ ತೋಳಿಗೆ ಪಟಪಟ ಹೊಡೆದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಸುರುವಿಂದ ಹಾಕು. ಸ್ವಲ್ಪ ಜೋರಾಗಿ ಇಡು."