ಮಡಿಲು ತುಂಬಿಸಿಕೊಂಡು ಹೇಳಿದ ಸುಳ್ಳು

ಪುಟ್ಟೀ, ಚಿನ್ನೂ,

ಹೋದ ಭಾನುವಾರ ಊಟಕ್ಕೆ ಕೂತಾಗ ನೀವಿಬ್ಬರೂ ವಾದಕ್ಕೆ ಬಿದ್ದಿರಿ. ಪುಟ್ಟಿ, ನೀನು ಪಾಠ ಹೇಳುವ ಖಾಸಗಿ ಶಾಲೆಯಲ್ಲಿ ಟೀಚರುಗಳು ಸೇರಿ ಸಂಘ ಕಟ್ಟುತ್ತಿದ್ದಾರೆ, ಸದಸ್ಯತ್ವದ ಫಾರಂ ಹದಿನೈದು ದಿನದಿಂದ ನಿನ್ನ ಬ್ಯಾಗಿನಲ್ಲೇ ಇದೆ ಎಂದೆ. ಹೆರಿಗೆ ರಜೆ ಕೇಳಿದ ಒಬ್ಬ ಟೀಚರಿಗೆ ಮುಂದಿನ ವರ್ಷದಿಂದ ಬರಬೇಡಿ ಎಂದರಂತೆ. ಚಿನ್ನು ನಕ್ಕ.

"ಯೂನಿಯನ್ನಾ? ಅದೆಲ್ಲ ತಾತನ ಕಾಲದ್ದು ಕಣೇ. ಈಗ ಸರಿ ಹೋಗ್ಲಿಲ್ಲ ಅಂದ್ರೆ ಬೇರೆ ಕಡೆ ಸೇರ್ಕೋತಾರೆ, ಅಷ್ಟೇ."

ಆಗ ನೀನು ನನ್ನ ಕಡೆ ತಿರುಗಿದೆ. "ಅಜ್ಜಿ, ನೀವು ಪ್ರೆಸ್ಸಲ್ಲಿ ಕೆಲ್ಸ ಮಾಡಿದೋರು. ನೀವೇ ಹೇಳಿ, ಸೈನ್ ಮಾಡ್ಲಾ ಬೇಡ್ವಾ?"

"ನಂಗೇನು ಗೊತ್ತಮ್ಮ" ಎಂದು ಮಜ್ಜಿಗೆ ತರುವ ನೆಪ ಮಾಡಿ ನಾನು ಒಳಗೆ ಹೋದೆ. ಗೊತ್ತಿತ್ತು. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಯಾವತ್ತೂ ಆಗಿಲ್ಲ. ಬರೆಯುವುದು ಸ್ವಲ್ಪ ಸುಲಭ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಆ ಅಕ್ಷರವೇ ನನ್ನನ್ನು ಪ್ರೆಸ್ಸಿಗೆ ಸೇರಿಸಿದ್ದು.

ಎಪ್ಪತ್ತರ ದಶಕದ ಮಾತು. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಾನು, ನಿಮ್ಮ ತಾತ ಇದ್ದೆವು. ಅವರು ಬಳೇಪೇಟೆಯ ಸಗಟು ಅಂಗಡಿಯೊಂದರಲ್ಲಿ ಸಾಮಾನು ಕಟ್ಟಿಕೊಡುತ್ತಿದ್ದರು. ವಠಾರದಿಂದ ಎರಡು ರಸ್ತೆ ದಾಟಿದರೆ ಪ್ರೆಸ್ಸು. ಮುಂದಿನ ಹಜಾರದಲ್ಲಿ ಗಂಡಸರು ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದರು, ಅಚ್ಚು ಹಾಕುತ್ತಿದ್ದರು. ಹಿಂದಿನ ಬೈಂಡಿಂಗ್ ಕೋಣೆ ಹೆಂಗಸರದು. ಚಾಪೆ ಹಾಸಿಕೊಂಡು ಕೂತು ಅಚ್ಚಾದ ದೊಡ್ಡ ಹಾಳೆಗಳನ್ನು ಬಿದಿರಿನ ಕಡ್ಡಿಯಿಂದ ಒತ್ತಿ ಮಡಚಬೇಕು, ಪುಟದ ಸಂಖ್ಯೆ ನೋಡಿ ಜೋಡಿಸಬೇಕು, ಹೊಲಿಯಬೇಕು, ಬೆನ್ನಿಗೆ ಅಂಟು ಹಚ್ಚಬೇಕು. ಪುಟದ ಸಂಖ್ಯೆ ಓದಲು ಬರುತ್ತಿದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಅಕ್ಕ.

ಅಕ್ಕ ನನ್ನ ಸ್ವಂತ ಅಕ್ಕನಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಕೋಣೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದೆವು. ಪ್ರೆಸ್ಸಿನ ಗಂಡಸರಿಗೆ ಒಂದು ಯೂನಿಯನ್ ಇತ್ತು. ಸೈಕಲ್ ಅಂಗಡಿಯ ಮೇಲಿನ ಸಣ್ಣ ಕೋಣೆಯೇ ಅದರ ಆಫೀಸು. ಹೆಂಗಸರಲ್ಲಿ ಅದಕ್ಕೆ ಸೇರಿದವರು ಅಕ್ಕ ಒಬ್ಬರೇ. ನಮ್ಮನ್ನೂ ಕರೆದರು. ಗಂಡಸರ ಮಧ್ಯೆ ಮೆಟ್ಟಿಲು ಹತ್ತಿ ಹೋಗಿ ಕೂರುವುದು ಹೇಗೆ ಎಂದು ನಾವು ಹೋಗಲಿಲ್ಲ.

ಶಾಲೆ ಶುರುವಾಗುವ ಮುಂಚಿನ ಎರಡು ತಿಂಗಳು ಪಠ್ಯಪುಸ್ತಕದ ಕೆಲಸ ಬಂದು ನಮಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಆ ವರ್ಷ ನಾನು ಏಳು ತಿಂಗಳ ಬಸುರಿ, ಹೊಟ್ಟೆಯಲ್ಲಿ ನಿಮ್ಮ ಅಪ್ಪ. ಹೆಂಗಸರು ಹಿತ್ತಲಿಗೆ ಹೋಗಿ ಹೊತ್ತು ಕಳೆಯುತ್ತಾರೆ ಎಂದು ಬೈಂಡಿಂಗಿನ ಮೇಸ್ತ್ರಿ ಹಿತ್ತಲಿನ ಕಕ್ಕಸಿಗೆ ಬೀಗ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ. ಬೇಕಾದವರು ಕೇಳಿ ತೆಗೆದುಕೊಳ್ಳಬೇಕು.

ಈಗ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಾವು ಕೇಳಲಿಲ್ಲ. ಗಂಡಸಿನ ಮುಂದೆ ಹೋಗಿ ನಿಂತು ಆ ಬೀಗದ ಕೈ ಕೇಳುವುದಕ್ಕಿಂತ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವುದು ಮೇಲೆನಿಸಿತು. ಒಬ್ಬರಿಗೊಬ್ಬರು ಹೇಳಿಕೊಳ್ಳಲೂ ಇಲ್ಲ. ಮಡಕೆಯ ನೀರು ದಿನವಿಡೀ ಹಾಗೇ ಇರುವುದನ್ನು ನೋಡಿ ಅಕ್ಕನಿಗೆ ಅರ್ಥವಾಯಿತು. ಅವರು ಯೂನಿಯನ್ನಿಗೆ ಹೋಗಿ ಹೇಳಿದರು. ಅಲ್ಲಿ ಏನಾಯಿತೆಂದು ಮರುದಿನ ನಮ್ಮ ಮುಂದೆ ಅಭಿನಯಿಸಿ ತೋರಿಸಿದರು.

"ಕಾರ್ಯದರ್ಶಿಗಳು ಕನ್ನಡಕ ತೆಗೆದ್ರು, ಒರೆಸ್ಕೊಂಡ್ರು. 'ಬೀಗದ ಕೈಗೆಲ್ಲ ಡಿಮ್ಯಾಂಡ್ ಇಡಕ್ಕಾಗತ್ತೇನಮ್ಮ, ಪೇಟೆಯೆಲ್ಲ ನಗತ್ತೆ' ಅಂದ್ರು. ನಾನಂದೆ, ನಗ್ಲಿ ಬಿಡಿ ಸ್ವಾಮಿ. ನೀವೊಂದಿನ ನೀರು ಕುಡೀದೆ ಮೊಳೆ ಜೋಡ್ಸಿ, ಆಮೇಲೆ ನಾವೂ ನಗ್ತೀವಿ."

ಬೇಡಿಕೆಗಳ ಪಟ್ಟಿಯ ಕೊನೆಗೆ ಸೇರಿಸುತ್ತೇವೆ ಎಂದರಂತೆ. ಬೋನಸ್ಸು, ಟೀ, ಸಮವಸ್ತ್ರ ಎಲ್ಲ ಆದ ಮೇಲೆ ಕಟ್ಟಕಡೆಗೆ.

ನನಗೆ ತಾಯಿ ಇರಲಿಲ್ಲ. ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಿ ಮಡಿಲು ತುಂಬಲು ತವರಿನಲ್ಲಿ ಯಾರೂ ಇಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಒಂದು ದಿನ ಹಾಳೆ ಮಡಚುತ್ತ ಹೇಳಿದರು: "ಈ ಗಲಾಟೆ ಮುಗೀಲಿ, ಬಳೇಪೇಟೆಗೆ ಕರ್ಕೊಂಡ್ಹೋಗ್ತೀನಿ. ನಾನು ತೊಡಿಸೋ ಹಾಗಿಲ್ಲ. ಬಳೆಗಾರ ತೊಡಿಸ್ಲಿ, ನಾನು ಮೆಟ್ಟಿಲ ಹತ್ರ ನಿಂತು ನೋಡ್ತೀನಿ."

ಅದಾದ ಒಂದು ವಾರಕ್ಕೆ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಹಿತ್ತಲ ಬಾಗಿಲ ಬಳಿ ಗೋಡೆ ಹಿಡಿದು ನಿಂತುಬಿಟ್ಟೆ. ಅಕ್ಕ ನೋಡಿದರು. ಹೋಗಿ ಮೇಸ್ತ್ರಿಯ ಹತ್ತಿರ ಬೀಗದ ಕೈ ಕೇಳಿದರು.

"ಈಗ ತಾನೇ ಊಟಕ್ಕೆ ಬಿಟ್ಟಿದ್ದೆನಲ್ಲಮ್ಮ. ಆಗೇನ್ಮಾಡ್ತಿದ್ರಿ?"

ಅಕ್ಕ ನೇರ ಒಳಗೆ ಹೋದರು. ಪುಸ್ತಕದ ಬೆನ್ನು ಬಡಿಯುವ ಸುತ್ತಿಗೆ ತೆಗೆದುಕೊಂಡು ಬಂದರು. ಮೂರನೇ ಏಟಿಗೆ ಬೀಗ ಬಿತ್ತು. ಮೇಸ್ತ್ರಿ ಓಡಿಬಂದು ಅವರ ಮಣಿಕಟ್ಟು ಹಿಡಿದು ಎಳೆದರು. ಅಲ್ಲೇ ಅಂಟಿನ ಬಾಣಲೆ ಆರಲು ಇಟ್ಟಿತ್ತು. ಮೇಸ್ತ್ರಿಯ ಕಾಲು ಅದರೊಳಗೆ ಹೋಗಿ ಜಾರಿತು, ಹಣೆ ಕಲ್ಲಿನ ಹೊಸ್ತಿಲಿಗೆ ಬಡಿಯಿತು, ರಕ್ತ ಬಂತು. ಅಷ್ಟು ಹೊತ್ತಿಗೆ ಅಕ್ಕ ಸುತ್ತಿಗೆಯನ್ನು ಕೆಳಗಿಟ್ಟಾಗಿತ್ತು. ಕಾಗದದ ಕಟ್ಟುಗಳನ್ನು ಮಾಡಿನವರೆಗೂ ಪೇರಿಸಿದ್ದರಿಂದ ಉಳಿದವರಿಗೆ ಏನೂ ಕಾಣಲಿಲ್ಲ. ನೋಡಿದವಳು ನಾನೊಬ್ಬಳೇ.

ಮಾರನೆಯ ದಿನ ಅಕ್ಕನಿಗೆ ಸಸ್ಪೆಂಡ್ ಕಾಗದ ಬಂತು. ಮೇಸ್ತ್ರಿಯ ತಲೆಗೆ ಸುತ್ತಿಗೆಯಿಂದ ಹೊಡೆದರು ಎಂದು ಅದರಲ್ಲಿತ್ತು. ಎನ್‌ಕ್ವೈರಿ ನಡೆಯಲಿದೆ, ತಪ್ಪು ಸಾಬೀತಾದರೆ ಕೆಲಸದಿಂದ ತೆಗೆಯುತ್ತೇವೆ ಎಂದೂ ಇತ್ತು. ಆಗ ಯೂನಿಯನ್ನಿನವರಿಗೆ ಎಚ್ಚರವಾಯಿತು. ನಗುತ್ತದೆ ಪೇಟೆ ಎಂದಿದ್ದ ಅದೇ ಕಾರ್ಯದರ್ಶಿ ನಮ್ಮ ವಠಾರಕ್ಕೆ ಬಂದು ಬಾಗಿಲ ಹೊರಗೇ ನಿಂತು, "ನೀವು ಕಂಡಿದ್ದಷ್ಟೇ ಹೇಳಿ ತಾಯಿ. ಒಂದಕ್ಷರ ಜಾಸ್ತಿ ಬೇಡ" ಎಂದರು. ಅಕ್ಕನೂ ಬಂದಿದ್ದರು. "ಎರಡೇ ಮಾತು ಕಣೆ. ಜಾರಿ ಬಿದ್ರು, ಹೊಡೀಲಿಲ್ಲ. ನೆಲ ನೋಡ್ಕೊಂಡೇ ಹೇಳು ಬೇಕಾದ್ರೆ." ನಾನು ಹೂಂ ಎಂದು ತಲೆಯಾಡಿಸಿದೆ. ನಿಜವಾಗಿಯೂ ಹೇಳುವವಳೇ ಇದ್ದೆ.

ಎನ್‌ಕ್ವೈರಿಗೆ ನಾಲ್ಕು ದಿನ ಇರುವಾಗ ಮಾಲೀಕರ ಮನೆಯಿಂದ ಕಾರು ಬಂತು. ಅಮ್ಮಾವ್ರು ಕರೆಯುತ್ತಿದ್ದಾರೆ ಎಂದರು ಡ್ರೈವರು. ಮಾಲೀಕರ ಹೆಂಡತಿಯನ್ನು ನಾವು ಆಯುಧಪೂಜೆಯ ದಿನ ದೂರದಿಂದ ನೋಡಿದ್ದಷ್ಟೇ. ಬಸವನಗುಡಿಯ ಆ ಮನೆಯ ನಡುಮನೆಯಲ್ಲಿ ಮಣೆ ಹಾಕಿ ರಂಗೋಲಿ ಬಿಟ್ಟಿದ್ದರು. ನನ್ನನ್ನು ಕೂರಿಸಿ, ತಲೆಗೆ ಹೂ ಮುಡಿಸಿ, ಎರಡು ಕೈಗೂ ಹಸಿರು ಬಳೆ ತೊಡಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣದಿಂದ ಮಡಿಲು ತುಂಬಿದರು. "ತಾಯಿ ಇಲ್ಲ ಅಂತ ಕೇಳಿದೆ. ಇನ್ಮೇಲೆ ಇದೇ ನಿನ್ನ ತವರು ಅಂದ್ಕೊ" ಎಂದರು. ನಾನು ಅತ್ತುಬಿಟ್ಟೆ. ಎನ್‌ಕ್ವೈರಿಯ ವಿಷಯ ಅವರು ಒಂದು ಸಲವೂ ಎತ್ತಲಿಲ್ಲ. ಗಂಡ ಹೇಳಿಕೊಟ್ಟು ಮಾಡಿಸಿದ್ದೋ, ಅವರ ಮನಸ್ಸೇ ಹಾಗಿತ್ತೋ, ನನಗೆ ಇವತ್ತಿಗೂ ತಿಳಿಯದು. ಕೆಟ್ಟವರು ಎಂದು ಬರೆಯಲು ಕೈ ಬರುವುದಿಲ್ಲ.

ಕಾರಿನಲ್ಲಿ ವಾಪಸ್ಸು ಬರುವಾಗ ಒಂದೇ ಯೋಚನೆ. ಮಡಿಲು ತುಂಬಿದ ಮನೆಯ ವಿರುದ್ಧ ಹೆಣ್ಣುಮಗಳು ಹೊರಗಿನವರ ಮುಂದೆ ಸಾಕ್ಷಿ ಹೇಳುತ್ತಾಳೆಯೇ? ನಮ್ಮೂರಲ್ಲಿ ಅಂಥದ್ದನ್ನು ನಾನು ಕೇಳಿರಲಿಲ್ಲ. ನಿಮ್ಮ ತಾತ, "ನಿನಗೆ ತೋಚಿದ ಹಾಗೆ ಮಾಡು" ಎಂದರು. ನನಗೆ ತೋಚುವುದೇ ನಿಂತುಹೋಗಿತ್ತು.

ಆ ದಿನ ಬಂತು. ಮೇಜಿನ ಆ ಕಡೆ ಎನ್‌ಕ್ವೈರಿ ಮಾಡುವ ವಕೀಲರು, ಮಾಲೀಕರು. ಈ ಕಡೆ ಅಕ್ಕ, ಕಾರ್ಯದರ್ಶಿ. ವಕೀಲರು ಮೆತ್ತಗೆ ಕೇಳಿದರು: "ನೀವೇನು ನೋಡಿದ್ರಿ, ಹೇಳಿ ಅಮ್ಮ."

"ನಾನು ನೋಡ್ಲಿಲ್ಲ" ಎಂದೆ. "ಬಗ್ಗಿ ನಿಂತಿದ್ದೆ. ಹೊಟ್ಟೆ ನೋವಿತ್ತು."

ಕಾರ್ಯದರ್ಶಿ ಎದ್ದು ನಿಂತು, ನಮ್ಮ ಮುಂದೆ ಹೂಂ ಎಂದಿದ್ದಿರಲ್ಲ ಎಂದು ಏನೋ ಕೇಳಲು ಹೊರಟರು. ಅಕ್ಕ ಅವರ ಅಂಗಿಯ ತೋಳು ಹಿಡಿದು ಕೂರಿಸಿದರು. "ಬಿಡಿ ಸ್ವಾಮಿ, ಬಸುರಿ ಹೆಂಗ್ಸು" ಎಂದರು. ಆಮೇಲೆ ಸಹಿ ಹಾಕಲು ನಾನು ಕೈ ಮುಂದೆ ಚಾಚಿದಾಗ ಬಳೆಗಳು ಮೇಜಿಗೆ ತಾಗಿ ಸದ್ದಾಯಿತು. ಅಕ್ಕ ಬಳೆಗಳನ್ನು ನೋಡಿದರು. ನನ್ನ ಮುಖ ನೋಡಲಿಲ್ಲ.

ಅವರನ್ನು ಕೆಲಸದಿಂದ ತೆಗೆದರು. ಯೂನಿಯನ್ ಲೇಬರ್ ಕೋರ್ಟಿಗೆ ಹೋಯಿತು. ಕಂಡ ಸಾಕ್ಷಿಯೇ ಕಾಣಲಿಲ್ಲ ಎಂದ ಮೇಲೆ ಕೋರ್ಟು ತಾನೇ ಏನು ಮಾಡೀತು? ವರ್ಷಗಟ್ಟಲೆ ಎಳೆದು ಕೇಸು ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಇನ್ನೊಂದು ನಡೆದಿತ್ತು. ಪಟ್ಟಿಯ ಕಟ್ಟಕಡೆಯಲ್ಲಿದ್ದ ಆ ಬೇಡಿಕೆಯನ್ನು ಯೂನಿಯನ್ನಿನವರು ಮೊದಲಿಗೆ ತಂದು, ಮೂರು ದಿನ ಮೊಳೆ ಮುಟ್ಟದೆ ಕೂತರು. ಹಿತ್ತಲಲ್ಲಿ ಹೆಂಗಸರಿಗೆಂದೇ ಎರಡು ಹೊಸ ಕಕ್ಕಸು ಕಟ್ಟಿಸಿದರು. ಬಾಗಿಲಿಗೆ ಒಳಗಡೆ ಚಿಲಕ, ಹೊರಗಡೆ ಏನೂ ಇಲ್ಲ. ಅಕ್ಕ ಅದನ್ನು ನೋಡಲೇ ಇಲ್ಲ. ಪ್ರೆಸ್ಸು ಮುಚ್ಚುವವರೆಗೂ, ವರ್ಷವರ್ಷ, ದಿನಕ್ಕೆ ಮೂರು ಸಲ ನಾನು ಆ ಬಾಗಿಲನ್ನು ತಳ್ಳಿದ್ದೇನೆ.

ಎಂಬತ್ತರ ದಶಕದ ಮಧ್ಯದಲ್ಲಿ ನಿಮ್ಮ ತಾತ ತೀರಿಕೊಂಡರು. ಬಸವನಗುಡಿಯ ತವರಿನಿಂದ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬರುತ್ತಿದ್ದ ಬಾಗಿನ ಆ ವರ್ಷ ಬರಲಿಲ್ಲ. ಬರುವ ಹಾಗಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಆ ದಿನ ಸಂಜೆಯವರೆಗೂ ಬಾಗಿಲ ಕಡೆ ನೋಡಿದೆ. ಬಂದವರು ಯೂನಿಯನ್ನಿನ ಕಾರ್ಯದರ್ಶಿ. ವಿಧವೆಯರಿಗೆ ಸಿಗುವ ಸರ್ಕಾರದ ಪಿಂಚಣಿಯ ಅರ್ಜಿ ತಂದಿದ್ದರು. ಅವರೇ ತುಂಬಿ, ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು. ಹಳೆಯದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುವಾರ ನಾನು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಸದಸ್ಯಳಾದೆ.

ಯೂನಿಯನ್ನಿನವರು ದೇವರಲ್ಲ, ಚಿನ್ನು. ನೀನು ನಗುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. ಮುಂದೆ ಅವರು ಎರಡು ಗುಂಪಾಗಿ, ಆಫೀಸಿನ ಬೆಂಚು ಯಾರದೆಂದು ಜಗಳವಾಡಿದ್ದನ್ನು ನಾನೇ ನೋಡಿದ್ದೇನೆ. ಆಫ್‌ಸೆಟ್ ಮೆಷಿನ್ನು ಬಂದು ಮೊಳೆ ಜೋಡಿಸುವವರು ಕೆಲಸವಿಲ್ಲದೆ ಮನೆಗೆ ಹೋಗುವಾಗ ಅವರಿಂದ ಏನೂ ಆಗಲಿಲ್ಲ. ಹೆಂಗಸರ ಕಷ್ಟ ಅವರಿಗೆ ಕಂಡಿದ್ದೂ ಒಬ್ಬರು ಕೆಲಸ ಕಳೆದುಕೊಂಡ ಮೇಲೆಯೇ. ಇಷ್ಟೆಲ್ಲ ಇದ್ದೂ, ಬಾಯಿ ಇಲ್ಲದ ನನ್ನಂಥವಳ ಪರವಾಗಿ ಬಾಯಿ ತೆರೆಯಲು ಇನ್ನೊಂದು ಜಾಗ ನಾನು ಕಾಣಲಿಲ್ಲ. ಬೇರೆ ಕಡೆ ಸೇರಿಕೊಳ್ಳಬಹುದಿತ್ತು ನಿಜ. ಆ ಕಡೆಯ ಬೀಗದ ಕೈ ಯಾರ ಸೊಂಟದಲ್ಲಿರುತ್ತಿತ್ತೋ.

ಅಕ್ಕ ಆಮೇಲೆ ವೈಯಾಲಿಕಾವಲ್‌ನಲ್ಲಿ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಊದುಬತ್ತಿ ಹೊಸೆಯುತ್ತಿದ್ದರು. ಸದಸ್ಯಳಾದ ತಿಂಗಳಲ್ಲೇ ಹುಡುಕಿಕೊಂಡು ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ನನ್ನ ಬರಿಗೈ, ಬರಿ ಹಣೆ ನೋಡಿದರು. ಆಮೇಲೆ ಲೋಟದಲ್ಲಿ ನೀರು ತಂದು ಕೊಟ್ಟರು.

"ಕುಡಿ. ಎಷ್ಟು ಬೇಕಾದ್ರೂ ಕುಡಿ. ಇಲ್ಲಿ ಬೀಗ ಗೀಗ ಇಲ್ಲ."

ನಾನು ಕುಡಿದೆ.

"ಹೊಟ್ಟೇಲಿದ್ದಿದ್ದು ಗಂಡೋ ಹೆಣ್ಣೋ?"

"ಗಂಡು. ಸ್ಕೂಲಿಗೆ ಹೋಗ್ತಿದಾನೆ."

"ಚೆನ್ನಾಗಿ ಓದ್ಸು. ಅವನಿಗೋಸ್ಕರ ಒಂದು ಬೀಗ ಹೋಯ್ತು ಅಂತ ಹೇಳು" ಎಂದು ನಕ್ಕರು.

ಅವರು ನಕ್ಕಾಗ ನಾನೂ ನಕ್ಕು, ಬಾಯಿಪಾಠ ಮಾಡಿದ್ದನ್ನು ಹೇಳದೆ ಎದ್ದೆ. ಇನ್ನೊಂದು ಸಲ ಬಂದಾಗ ಹೇಳೋಣ ಎಂದುಕೊಂಡೆ. ಇನ್ನೊಂದು ಸಲ ಹೋಗುವ ಹೊತ್ತಿಗೆ ಆ ಕೋಣೆಯಲ್ಲಿ ಬೇರೆಯವರಿದ್ದರು, ಅಕ್ಕ ತೀರಿಹೋಗಿ ಎರಡು ತಿಂಗಳಾಗಿತ್ತು. ನಿಮ್ಮ ಅಪ್ಪನಿಗೂ ನಾನು ಬೀಗದ ವಿಷಯ ಹೇಳಲಿಲ್ಲ.

ಪುಟ್ಟಿ, ಆ ಫಾರಂಗೆ ಸಹಿ ಹಾಕು ಎನ್ನುವುದೇ ನನ್ನ ಮಾತು. ಆದರೆ ಸಹಿಯಷ್ಟೇ ಸಾಲದು. ರಜೆ ಕೇಳಿದ ಆ ಟೀಚರ ವಿಷಯ ನಿನ್ನನ್ನು ಕರೆದು ಕೇಳುವ ದಿನ ಬರುತ್ತದೆ. ಅದಕ್ಕೆ ಮುಂಚೆ ಯಾರೋ ನಿನ್ನನ್ನು ಮನೆಮಗಳು ಎಂದು ಪ್ರೀತಿಯಿಂದ ಕೂರಿಸಿಕೊಳ್ಳುತ್ತಾರೆ. ಅವರ ಪ್ರೀತಿ ನಿಜವೇ ಇರಬಹುದು. ಊಟ ಮಾಡಿ ಬಾ, ಕೈಮುಗಿದು ಬಾ. ಆಮೇಲೆ ಹೋಗಿ ಕಂಡದ್ದನ್ನು ಹೇಳು. ನೆಲ ನೋಡಿಕೊಂಡಾದರೂ ಸರಿ.

ಅವತ್ತು ಮೇಜಿನ ಮುಂದೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ನೋಡಿದೆ. ಮೇಸ್ತ್ರಿ ಅಕ್ಕನ ಕೈ ಹಿಡಿದು ಎಳೆದರು, ತಾವಾಗಿಯೇ ಜಾರಿ ಬಿದ್ದರು. ಅಕ್ಕ ಹೊಡೆಯಲಿಲ್ಲ. ಬೀಗ ಒಡೆದದ್ದು ನನಗಾಗಿ.

ಈ ಹಾಳೆಗಳನ್ನು ಪ್ರೆಸ್ಸಿನಲ್ಲಿ ಕಲಿತ ಹಾಗೆ ನಾನೇ ಮಡಚಿ, ದಪ್ಪ ದಾರದಲ್ಲಿ ಹೊಲಿದಿದ್ದೇನೆ. ಹೊಲಿಗೆ ಬಿಚ್ಚಬೇಡಿ, ಬೀರುವಿನಲ್ಲಿ ಒದ್ದೆ ತಾಗದ ಕಡೆ ಇಡಿ. ಅಕ್ಕನ ಪರವಾಗಿ ಇರುವ ಸಾಕ್ಷಿ ಇದೊಂದೇ.